ಬಾನೆಟ್ ಪಕ್ಕದ ಎಂಟು ಜನ: ಒಂದು ಗೇಮಿಗಾಗಿ ಟ್ಯಾಂಕ್ ಮ್ಯೂಸಿಯಂ ನೋಡಿದ ಕತೆ

(ಬೆಂಗಳೂರಿನ ಒಂದು ಕಾಲೇಜಿನಲ್ಲಿ ಗೇಮ್ ಡಿಸೈನ್ ಕಲಿಯುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಅಂದು ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳ ಜಾಗದಲ್ಲಿ ಒಂದೆರಡು ಸಾಲು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚಿಕ್ಕವನಿದ್ದಾಗ ಬಸ್ಸಿನಲ್ಲಿ ನನಗೆ ಬಹಳ ಇಷ್ಟದ ಜಾಗ ಅಂದ್ರೆ ಬಾನೆಟ್. ನಮ್ಮಪ್ಪ ಸರ್ಕಾರಿ ಬಸ್ ಡ್ರೈವರ್. ರಜೆ ಬಂತು ಅಂದ್ರೆ ಒಂದು ಟ್ರಿಪ್ ಅವರ ಜೊತೆ ಹೋಗಲೇಬೇಕು. ಹಳೆ ಬಸ್ಸುಗಳಲ್ಲಿ ಇಂಜಿನ್ ಡ್ರೈವರ್ ಪಕ್ಕದಲ್ಲೇ, ಬಸ್ಸಿನ ಒಳಗೇ ಇರುತ್ತಿತ್ತು. ಅದರ ಮೇಲೊಂದು ದಪ್ಪ ರೆಕ್ಸಿನ್ ಹೊದಿಕೆ. ಸೀಟು ಸಿಗದವರು ಅದರ ಮೇಲೆ ಕೂರುತ್ತಿದ್ದರು. ಚಳಿಗಾಲದ ಬೆಳಗಿನ ಜಾವ ಹಿತವಾಗಿರುತ್ತಿತ್ತು. ಏಪ್ರಿಲ್‌ನಲ್ಲಿ ಹತ್ತು ನಿಮಿಷ ಕೂತರೆ ತೊಡೆ ಸುಡುತ್ತಿತ್ತು. ಡೀಸೆಲ್ ವಾಸನೆಗೆ ತಲೆ ಗಿರ್ ಅನ್ನುತ್ತಿತ್ತು. ಅಪ್ಪ ಏನಾದ್ರೂ ಹೇಳಿದರೆ ಕಿವಿಗೆ ಬೀಳುತ್ತಿರಲಿಲ್ಲ. ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕಿತ್ತು.

ಈ ಬಾನೆಟ್ ಮುಂದೆ ಮತ್ತೆ ಬರುತ್ತೆ. ನೆನಪಿರಲಿ.

ನಾನು ಗೇಮ್ ಡಿಸೈನರ್. ನಮ್ಮದು ಒಂಬತ್ತು ಜನರ ಸಣ್ಣ ತಂಡ. ಮಾಡುತ್ತಿರುವುದು ಯುದ್ಧದ ಗೇಮ್. ಕಾಲ ಮೊದಲ ಮಹಾಯುದ್ಧ. ಜಾಗ ಫ್ರಾನ್ಸಿನ ಕಾಂಬ್ರೆ ಅನ್ನೋ ಊರಿನ ಆಚೀಚೆ. ದಿನ 1917ರ ನವೆಂಬರ್ 20. ಅವತ್ತು ಬೆಳಗ್ಗೆ ಬ್ರಿಟಿಷರು 378 ಯುದ್ಧ ಟ್ಯಾಂಕುಗಳನ್ನು ಒಟ್ಟಿಗೆ ಮುಂದಕ್ಕೆ ಬಿಟ್ಟರು. ಅಷ್ಟೊಂದು ಟ್ಯಾಂಕುಗಳು ಒಂದೇ ಹೊತ್ತಿಗೆ ನುಗ್ಗಿದ್ದು ಅದೇ ಮೊದಲು. ನಮ್ಮ ಗೇಮಿನಲ್ಲಿ ಆಡುವವರು ನಾಲ್ಕು ಜನ. ನಾಲ್ವರೂ ಒಂದೇ ಟ್ಯಾಂಕಿನ ಒಳಗೆ. ಅದರ ಹೆಸರು ಮಾರ್ಕ್ 4. ಚಿತ್ರ ನೀವು ನೋಡಿಯೇ ಇರುತ್ತೀರಿ. ಓರೆಯಾಗಿ ಎಳೆದ ಚೌಕದ ಆಕಾರ, ಮೈ ಸುತ್ತಲೂ ಓಡುವ ಕಬ್ಬಿಣದ ಪಟ್ಟಿ, ಎರಡು ಪಕ್ಕೆಯಲ್ಲಿ ಉಬ್ಬಿದ ಗೂಡು, ಆ ಗೂಡಿನಲ್ಲಿ ತೋಪು.

ಮೊದಲ ಮೂರು ತಿಂಗಳು ನಾವು ಎಲ್ಲವನ್ನೂ ಇಂಟರ್ನೆಟ್ ನೋಡಿಯೇ ಮಾಡಿದೆವು. ಉದ್ದ ಎಂಟು ಮೀಟರ್, ತೂಕ 28 ಟನ್, ತಗಡಿನ ದಪ್ಪ ಹೆಚ್ಚೆಂದರೆ 12 ಮಿಲಿಮೀಟರ್, ಸಿಬ್ಬಂದಿ ಎಂಟು ಜನ, 105 ಕುದುರೆ ಶಕ್ತಿಯ ಡೈಮ್ಲರ್ ಇಂಜಿನ್. ಈ ಅಂಕಿ ಎಲ್ಲ ಹತ್ತು ನಿಮಿಷದಲ್ಲಿ ಸಿಗುತ್ತೆ. ಫೋಟೋ ಬೇಕಾದಷ್ಟಿವೆ. ಮಾಡೆಲ್ ಚೆನ್ನಾಗಿ ಬಂತು. ತುಕ್ಕು, ಕೆಸರು, ರಿವಿಟ್ಟುಗಳ ತಲೆ, ಎಲ್ಲ ಬಂತು. ಒಳಗಡೆ ಮಾತ್ರ ಒಂದು ಸಮಸ್ಯೆ. ಕ್ಯಾಮೆರಾ ತಿರುಗಿಸಿದರೆ ಗೋಡೆಯೊಳಗೆ ಹೋಗಿಬಿಡುತ್ತಿತ್ತು. ಅದಕ್ಕೆ ಒಳಾಂಗಣವನ್ನು ಒಂದೂವರೆ ಪಟ್ಟು ದೊಡ್ಡದು ಮಾಡಿದೆವು. ಇದು ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವ ಕೆಲಸ. ಯಾವ ಗೇಮಿನಲ್ಲೇ ಆಗಲಿ ಬಾಗಿಲು ನಿಜಕ್ಕಿಂತ ಅಗಲ, ಚಾವಣಿ ನಿಜಕ್ಕಿಂತ ಎತ್ತರ. ನಾವು ಅದರ ಬಗ್ಗೆ ಎರಡನೇ ಸಲ ಯೋಚಿಸಲೇ ಇಲ್ಲ.

ಆಗ ಒಂದು ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ ಲ್ಯಾಪ್‌ಟಾಪ್‌ನಲ್ಲಿ ಅದನ್ನು ತೋರಿಸಿದೆ. ಕನ್ನಡಕ ಮೇಲೇರಿಸಿಕೊಂಡು ಬಹಳ ಹೊತ್ತು ನೋಡಿದರು.

"ಸ್ಟೀರಿಂಗ್ ಎಲ್ಲೋ?" ಅಂದರು.

"ಸ್ಟೀರಿಂಗ್ ಇಲ್ಲಪ್ಪ ಇದಕ್ಕೆ."

"ಮತ್ತೆ ತಿರುಗಿಸೋದು ಹೆಂಗೆ?"

"ಎಡಕ್ಕೆ ಒಂದು ಬಟನ್, ಬಲಕ್ಕೆ ಒಂದು ಬಟನ್."

"ನಿನ್ನ ಬಟನ್ ಅಲ್ಲ ಕಣೋ. ಅವರು, ಒಳಗಿದ್ದವರು, ಹೆಂಗೆ ತಿರುಗಿಸ್ತಿದ್ರು? ಇಂಜಿನ್ ಬೇರೆ ನಡು ಮಧ್ಯ ಇಟ್ಟಿದ್ದಾರೆ. ಎಂಟು ಜನ ಅಂತೀಯ. ಗಾಳಿ ಎಲ್ಲಿಂದ ಬರುತ್ತೆ? ಹೊಗೆ ಎಲ್ಲಿಗೆ ಹೋಗುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂಬತ್ತು ಜನ ಮೂರು ತಿಂಗಳು ಕೂತು ಮಾಡಿದ ಗಾಡಿ. ಅದರೊಳಗೆ ಕೂತವರು ಉಸಿರಾಡುವುದು ಹೇಗೆ ಅಂತ ನಾವ್ಯಾರೂ ಕೇಳಿಕೊಂಡಿರಲಿಲ್ಲ. ಮ್ಯೂಸಿಯಂಗೆ ಹೋಗಲೇಬೇಕು ಅಂತ ತೀರ್ಮಾನ ಆಗಿದ್ದು ಅವತ್ತು.

ಮ್ಯೂಸಿಯಂ ಇರೋದು ಇಂಗ್ಲೆಂಡಿನ ದಕ್ಷಿಣ ತೀರದ ಡಾರ್ಸೆಟ್ ಜಿಲ್ಲೆಯಲ್ಲಿ, ಬೋವಿಂಗ್ಟನ್ ಅನ್ನೋ ಕಡೆ. ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಎರಡೂವರೆ ಗಂಟೆಗೆ ವೂಲ್ ಅನ್ನೋ ಪುಟ್ಟ ಸ್ಟೇಷನ್. ಅಲ್ಲಿಂದ ಸ್ವಲ್ಪ ದೂರ. ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ಓಡಿಸೋದನ್ನು ಸೈನಿಕರಿಗೆ ಕಲಿಸಿದ ಕ್ಯಾಂಪ್ ಇದ್ದಿದ್ದು ಅಲ್ಲೇ. ಈಗಲೂ ಅದು ಸೈನ್ಯದ ಜಾಗವೇ. ಯುದ್ಧ ಮುಗಿದ ಮೇಲೆ ಗುಜರಿಗೆ ಹೋಗಬೇಕಾದ ಟ್ಯಾಂಕುಗಳು ಅಲ್ಲಿ ಬಯಲಲ್ಲಿ ನಿಂತಿದ್ದವು. 1923ರಲ್ಲಿ ಕವಿ ರುಡ್ಯಾರ್ಡ್ ಕಿಪ್ಲಿಂಗ್ ಅಲ್ಲಿಗೆ ಬಂದವರು ಇವನ್ನೆಲ್ಲ ಉಳಿಸಿ ಮ್ಯೂಸಿಯಂ ಮಾಡಿ ಅಂತ ಸಲಹೆ ಕೊಟ್ಟರಂತೆ. ಇವತ್ತು ಅಲ್ಲಿ ಹತ್ತಿರ ಹತ್ತಿರ 300 ಗಾಡಿಗಳಿವೆ.

ಒಳಗೆ ಹೋದ ಕೂಡಲೇ ಕಣ್ಣಿಗೆ ಬೀಳಲಿ ಅಂತ ನಾನು ಹುಡುಕಿದ್ದು 'ಲಿಟ್ಲ್ ವಿಲ್ಲಿ'. 1915ರಲ್ಲಿ ಲಿಂಕನ್ ಪಟ್ಟಣದ ಕಾರ್ಖಾನೆಯಲ್ಲಿ ಮಾಡಿದ ಗಾಡಿ. ಜಗತ್ತಿನ ಮೊದಲ ಟ್ಯಾಂಕ್ ಅದು. ಮೇಲೆ ತೋಪಿಲ್ಲ. ಸುಮ್ನೆ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ. ನಮ್ಮ ಮನೆ ಮಾಳಿಗೆ ಮೇಲಿನ ನೀರಿನ ತೊಟ್ಟಿ ಥರಾನೇ ಇದೆ. ಹಾಗನ್ನಿಸಿದ್ದು ತಪ್ಪೇನಲ್ಲ. ಗುಟ್ಟು ಬಿಟ್ಟುಕೊಡಬಾರದು ಅಂತ ಕಾರ್ಖಾನೆಯಲ್ಲಿ ಇದು ನೀರು ಸಾಗಿಸುವ ತೊಟ್ಟಿ, ಮೆಸೊಪೊಟೇಮಿಯಾಕ್ಕೆ ಕಳಿಸೋದಕ್ಕೆ ಅಂತ ಹೇಳಿದ್ದರು. ಹಾಗೆ 'ಟ್ಯಾಂಕ್' ಅನ್ನೋ ಹೆಸರು ಅಂಟಿಕೊಂಡಿತು. ಬೆಂಗಳೂರಿನಲ್ಲಿ ಟ್ಯಾಂಕ್ ಬಂಡ್ ರೋಡ್ ಇದೆ, ಕೆರೆ ಏರಿಯ ರಸ್ತೆ ಅಂತ ಅರ್ಥ. ಛಾವಣಿ ಮೇಲೆ ಟ್ಯಾಂಕ್ ಇದೆ. ಆ ಪದ ಇಂಗ್ಲಿಷಿಗೆ ಹೋಗಿದ್ದೇ ನಮ್ಮ ದೇಶದ ಪಶ್ಚಿಮ ಕರಾವಳಿಯ 'ಟಾಂಕಿ'ಯಿಂದ ಅಂತ ಹೇಳುವವರಿದ್ದಾರೆ, ಪೋರ್ಚುಗೀಸಿನಿಂದ ಅನ್ನುವವರೂ ಇದ್ದಾರೆ. ನೀರು ತುಂಬಿಡುವ ತೊಟ್ಟಿಯ ಪದ ಹೋಗಿ ಹೋಗಿ ಯಾವ ಗಾಡಿಗೆ ಹೆಸರಾಯ್ತು ಅಂತ ಅಲ್ಲಿ ನಿಂತು ತುಂಬಾ ಹೊತ್ತು ಯೋಚಿಸಿದೆ.

ಈಗ ನಮ್ಮ ಗಾಡಿಗೆ ಬರೋಣ. ಮಾರ್ಕ್ 4.

ಪಕ್ಕೆಯ ಬಾಗಿಲಿನ ಹತ್ತಿರ ಬಗ್ಗಿ ಒಳಗೆ ನೋಡಿದೆ. ನೋಡಿದ್ದೇ ನನಗೆ ನೆನಪಾಗಿದ್ದು ಅಪ್ಪನ ಬಸ್ಸು. ನಡುವೆ ಇಂಜಿನ್. ಇಂಜಿನ್ ಅಂದ್ರೆ ಮೂಲೆಯಲ್ಲಿ ಎಲ್ಲೋ ಅಲ್ಲ, ಮನೆಯ ನಡುಮನೆಯಲ್ಲಿ ಮಂಚ ಹಾಕಿದ ಹಾಗೆ. ಅದಕ್ಕೂ ಮನುಷ್ಯರಿಗೂ ಮಧ್ಯೆ ಗೋಡೆ ಇಲ್ಲ. ಎರಡು ಬದಿಯಲ್ಲಿ ಒಬ್ಬರು ಅಡ್ಡ ತಿರುಗಿ ಸರಿಯುವಷ್ಟು ಜಾಗ. ನೆಟ್ಟಗೆ ನಿಲ್ಲೋಕೆ ಆಗಲ್ಲ. ಇಷ್ಟರಲ್ಲಿ ಎಂಟು ಜನ ಬಾನೆಟ್ ಸುತ್ತ ಇರಬೇಕು. ಏಪ್ರಿಲ್ ತಿಂಗಳ ಹತ್ತು ನಿಮಿಷ ಅಲ್ಲ, ದಿನವಿಡೀ. ಒಳಗಿನ ಬಿಸಿ 50 ಡಿಗ್ರಿ ಮುಟ್ಟುತ್ತಿತ್ತು. ಅದರ ಜೊತೆ ಪೆಟ್ರೋಲ್ ಹಬೆ, ತೋಪು ಹಾರಿಸಿದ ಮದ್ದಿನ ಹೊಗೆ, ಇಂಜಿನ್‌ನಿಂದ ಸೋರುವ ಕಾರ್ಬನ್ ಮಾನಾಕ್ಸೈಡ್. ಆಚೆ ಇಳಿದು ಒಳ್ಳೆ ಗಾಳಿ ಕುಡಿದ ಕೂಡಲೇ ಜ್ಞಾನ ತಪ್ಪಿ ಬೀಳುತ್ತಿದ್ದರು. ಗಾಳಿಯ ಬಗ್ಗೆ ಅಪ್ಪ ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು. ಗಾಳಿ ಎಲ್ಲಿಂದಲೂ ಬರುತ್ತಿರಲಿಲ್ಲ.

ಅಲ್ಲಿ ಒಬ್ಬರು ಹಿರಿಯ ಸ್ವಯಂಸೇವಕರಿದ್ದರು. ವಯಸ್ಸು 70 ದಾಟಿರಬೇಕು. ತಾವೇ ಸೈನ್ಯದಲ್ಲಿ ಟ್ಯಾಂಕ್ ಓಡಿಸಿದವರು. ನಾನು ಗೇಮ್ ಮಾಡ್ತೀನಿ ಅಂದಾಗ ಅವರ ಮುಖ ಸ್ವಲ್ಪ ಬಿಗಿಯಾಯಿತು. ಆಮೇಲೆ ನಾನು ಅಪ್ಪನ ಇನ್ನೊಂದು ಪ್ರಶ್ನೆ ಕೇಳಿದೆ. "ಸರ್, ಇದನ್ನ ತಿರುಗಿಸ್ತಿದ್ದದ್ದು ಹೇಗೆ?" ಅವರು ಕೈಗಡಿಯಾರ ನೋಡಿಕೊಂಡು, "ನಿಮಗೆ ಎಷ್ಟು ಹೊತ್ತಿದೆ?" ಅಂದರು. ಅಲ್ಲಿಂದ ಒಂದು ಗಂಟೆ ನನ್ನ ಜೊತೆಯೇ ಇದ್ದರು.

ತಿರುಗಿಸೋದು ಹೀಗೆ. ಮುಂದೆ ಇಬ್ಬರು ಕೂರುತ್ತಾರೆ. ಒಬ್ಬ ಡ್ರೈವರ್, ಇನ್ನೊಬ್ಬ ಟ್ಯಾಂಕಿನ ನಾಯಕ. ಬ್ರೇಕ್ ನಾಯಕನ ಕೈಯಲ್ಲಿ. ಹಿಂದೆ, ಇಂಜಿನ್ನಿನ ಆಚೆ ಬದಿ, ಇನ್ನಿಬ್ಬರು. ಒಬ್ಬ ಎಡ ಪಟ್ಟಿಯ ಗೇರಿಗೆ, ಇನ್ನೊಬ್ಬ ಬಲ ಪಟ್ಟಿಯ ಗೇರಿಗೆ. ಎಡಕ್ಕೆ ತಿರುಗಬೇಕು ಅಂದ್ರೆ ಮೊದಲು ಗಾಡಿ ನಿಲ್ಲಿಸಬೇಕು. ಎಡ ಪಟ್ಟಿಯ ಗೇರ್ ಬಿಡಿಸು ಅಂತ ಹಿಂದಿನವನಿಗೆ ಹೇಳಬೇಕು. ಹೇಳೋದು ಹೇಗೆ? ಕಿರುಚಿದರೂ ಕೇಳಲ್ಲ. ಅದಕ್ಕೆ ಸ್ಪ್ಯಾನರ್ ತಗೊಂಡು ಇಂಜಿನ್ ಹೊದಿಕೆ ಮೇಲೆ ಟಣ್ ಟಣ್ ಅಂತ ಬಡಿಯೋದು. ಹಿಂದಿನವನು ತಿರುಗಿ ನೋಡಿದಾಗ ಕೈಸನ್ನೆ ಮಾಡೋದು. ಅವನು ಗೇರ್ ಬಿಡಿಸಿದ ಮೇಲೆ ನಾಯಕ ಎಡ ಬ್ರೇಕ್ ಹಿಡಿಯುತ್ತಾನೆ. ಬಲ ಪಟ್ಟಿ ಮಾತ್ರ ಓಡುತ್ತದೆ. ಗಾಡಿ ಎಡಕ್ಕೆ ಸರಿಯುತ್ತದೆ. ಸಾಕಷ್ಟು ತಿರುಗಿದ ಮೇಲೆ ಮತ್ತೆ ನಿಲ್ಲಿಸಿ, ಮತ್ತೆ ಬಡಿದು, ಮತ್ತೆ ಗೇರ್ ಹಾಕಿಸಿ ಹೊರಡಬೇಕು. ಒಂದು ತಿರುವಿಗೆ ನಾಲ್ಕು ಜನ. ಹೊರಗೆ ಗುಂಡಿನ ಮಳೆ ನಡೆದೇ ಇರುತ್ತದೆ.

ನಾವು ಅದಕ್ಕೆ ಒಂದು ಬಟನ್ ಇಟ್ಟಿದ್ದೆವು.

ಅದೇ ಹಾಲ್‌ನಲ್ಲಿ ಗಾಜಿನ ಹಿಂದೆ ಒಂದು ಮುಖವಾಡ ಇಟ್ಟಿದ್ದಾರೆ. ದೂರದಿಂದ ನೋಡಿದಾಗ ಯಕ್ಷಗಾನದ ಯಾವುದೋ ರಕ್ಕಸ ವೇಷದ ತುಂಡು ಅನ್ನಿಸಿತು. ಹತ್ತಿರ ಹೋದೆ. ಮುಖದ ಮೇಲರ್ಧ ಮುಚ್ಚುವ ಉಕ್ಕಿನ ತಗಡು, ಅದಕ್ಕೆ ಚರ್ಮದ ಹೊದಿಕೆ. ಕಣ್ಣಿನ ಜಾಗದಲ್ಲಿ ತೆಳ್ಳಗಿನ ಸೀಳುಗಳು, ಕಿಟಕಿ ಸರಳಿನ ಹಾಗೆ. ಮೂಗಿನ ಕೆಳಗೆ ಬಾಯಿ, ಗದ್ದ ಮುಚ್ಚುವಂತೆ ಸರಪಳಿಯ ಬಲೆ ಇಳಿಬಿಟ್ಟಿದೆ. ಚರ್ಮ ಬಿರುಕು ಬಿಟ್ಟಿದೆ. ಕಟ್ಟುವ ದಾರ ಒಂದು ಕಡೆ ಸವೆದಿದೆ. ಯಾರೋ ಅದನ್ನು ಸುಮಾರು ಸಲ ಕಟ್ಟಿ ಬಿಚ್ಚಿದ್ದಾರೆ.

ಇದು ಯಾಕೆ ಬೇಕಿತ್ತು ಗೊತ್ತಾ? ಹೊರಗಿನಿಂದ ಗುಂಡು ತಗಡಿಗೆ ಬಡಿದಾಗ ಒಳಗೆ ತೂರದಿದ್ದರೂ ತಗಡಿನ ಒಳಮೈಯಿಂದ ಚೂರುಗಳು ಸಿಡಿಯುತ್ತಿದ್ದವು. ಬಿಸಿ ಚೂರುಗಳು. ಟ್ಯಾಂಕಿನ ತಗಡಿನ ಸೀಳಿನ ಹತ್ತಿರ ಕಣ್ಣಿಟ್ಟು ಆಚೆ ನೋಡುವವನ ಮುಖಕ್ಕೆ ಅವು ನೇರ ಬಡಿಯುತ್ತಿದ್ದವು. ಗೇಮಿನಲ್ಲಿ ನಾವೇನು ಮಾಡ್ತೀವಿ? ಗುಂಡು ತಗಡಿಗೆ ಬಡಿದರೆ ಟಿಂಗ್ ಅಂತ ಸದ್ದು, ಒಂದು ಕಿಡಿ. ಆಡುವವನಿಗೆ ಖುಷಿ, 'ನನಗೇನೂ ಆಗಲಿಲ್ಲ' ಅಂತ. ಆ ಮುಖವಾಡ ನೋಡಿದ ಮೇಲೆ ಆ ಟಿಂಗ್ ಸದ್ದನ್ನು ಹಾಗೇ ಇಡೋದಕ್ಕೆ ನನಗೆ ಮನಸ್ಸಾಗಲಿಲ್ಲ. ಇನ್ನೊಂದು ವಿಷಯ. ಆ ಬಿಸಿಯಲ್ಲಿ ಈ ಮುಖವಾಡ ಹಾಕಿಕೊಂಡು ಕೂರೋದು ಕಷ್ಟ ಅಂತ ಎಷ್ಟೋ ಜನ ಹಾಕಿಕೊಳ್ಳುತ್ತಲೇ ಇರಲಿಲ್ಲ ಅಂತ ಆ ಹಿರಿಯರು ಹೇಳಿದರು. ಕಣ್ಣು ಕಾಪಾಡಿಕೊಳ್ಳೋದಾ, ಉಸಿರಾಡೋದಾ? ಇದು ಡಿಸೈನರ್ ಕುಳಿತು ಕಟ್ಟಿದ ಆಯ್ಕೆ ಅಲ್ಲ. ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗರು ನಿಜವಾಗಿ ಮಾಡಿದ ಆಯ್ಕೆ.

ಟೈಗರ್ ಬಗ್ಗೆ ಹೇಳದೆ ಹೋದರೆ ನೀವು ನನ್ನನ್ನು ಬಿಡಲ್ಲ. ಟ್ಯಾಂಕ್ ಗೇಮ್ ಆಡುವವರೆಲ್ಲ ಅಲ್ಲಿಗೆ ಹೋಗೋದೇ ಅದಕ್ಕೆ. ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್, ನಂಬರ್ 131. ಜಗತ್ತಿನಲ್ಲಿ ಇನ್ನೂ ಓಡುವ ಸ್ಥಿತಿಯಲ್ಲಿರುವ ಟೈಗರ್ ಅದೊಂದೇ. ಮುಂಭಾಗದ ಉಕ್ಕು 100 ಮಿಲಿಮೀಟರ್ ದಪ್ಪ, ತೋಪು 88 ಮಿಲಿಮೀಟರ್. 1943ರ ಏಪ್ರಿಲ್‌ನಲ್ಲಿ ಟುನೀಷಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿತು. ಸಿಕ್ಕಿದ್ದು ಹೇಗೆ ಅಂತ ಅದರ ಮೈಮೇಲೇ ಬರೆದಿದೆ. ಒಂದು ಗುಂಡು ತೋಪಿನ ಕೊಳವೆಯ ಕೆಳಗೆ ತಗುಲಿ, ಜಾರಿ, ಮೇಲಿನ ಗೋಪುರ ತಿರುಗುವ ಬಳೆಗೆ ಹೋಗಿ ಸಿಕ್ಕಿಕೊಂಡಿತು. ಗೋಪುರ ತಿರುಗಲಿಲ್ಲ. ಒಳಗಿದ್ದವರು ಇಳಿದು ಓಡಿದರು. ಆ ಗಾಯ ಈಗಲೂ ಇದೆ. ಅಂಗೈಯಷ್ಟೇ ಜಾಗ. ಗೇಮುಗಳಲ್ಲಿ ಟೈಗರ್ ಅಂದ್ರೆ ಸಾಯದ ರಾಕ್ಷಸ. ಆಡುವವರಲ್ಲಿ ಎಷ್ಟೋ ಜನ ಟೈಗರನ್ನೇ ಆರಿಸಿಕೊಳ್ಳುತ್ತಾರೆ. ನಿಜದಲ್ಲಿ ಜರ್ಮನಿ ಮಾಡಿದ್ದು 1,350ರ ಆಸುಪಾಸು. ಅಮೆರಿಕದವರು ಶರ್ಮನ್ ಟ್ಯಾಂಕುಗಳನ್ನು 49 ಸಾವಿರದಷ್ಟು ಮಾಡಿದರು. ಟೈಗರ್ ವಿಷಯ ಇಷ್ಟೇ. ನನಗೆ ನನ್ನ ಮಾರ್ಕ್ 4 ಹತ್ತಿರ ವಾಪಸ್ ಹೋಗುವ ಆತುರ.

ಅಲ್ಲಿ ಒಂದು ಸಿನಿಮಾಕ್ಕೆ ಅಂತ ಕಟ್ಟಿದ ಮಾರ್ಕ್ 4ರ ನಕಲೂ ಇದೆ. ಓಡುತ್ತದೆ. ಸದ್ದು ರೆಕಾರ್ಡ್ ಮಾಡಿಕೊಳ್ಳೋಣ ಅಂತ ಆಸೆಯಿಂದ ಕೇಳಿದೆ. ಒಳಗಿರೋದು ಈ ಕಾಲದ ಇಂಜಿನ್, ಆ ಸದ್ದು ನಿಮಗೆ ಉಪಯೋಗ ಇಲ್ಲ ಅಂದರು. ಹಳೆ ಡೈಮ್ಲರ್‌ನಲ್ಲಿ ಮಾಮೂಲಿ ವಾಲ್ವ್ ಬದಲು ಮೇಲೆ ಕೆಳಗೆ ಜಾರುವ ಕೊಳವೆಗಳಿದ್ದವು. ಅದು ಎಣ್ಣೆ ಜಾಸ್ತಿ ಕುಡಿಯುತ್ತಿತ್ತು, ನೀಲಿ ಹೊಗೆ ಉಗುಳುತ್ತಿತ್ತು. ಆ ಹೊಗೆ ನೋಡಿಯೇ ಶತ್ರುಗಳಿಗೆ ಟ್ಯಾಂಕ್ ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. ಇಂಜಿನ್ ಸ್ಟಾರ್ಟ್ ಮಾಡೋದಕ್ಕೇ ನಾಲ್ಕು ಜನ ಸೇರಿ ಹ್ಯಾಂಡಲ್ ತಿರುಗಿಸಬೇಕಿತ್ತು. ನಾನು ಬರೆದುಕೊಳ್ಳುತ್ತಾ ಹೋದೆ. ಮ್ಯೂಸಿಯಂನಲ್ಲಿ ದಾಖಲೆಗಳ ಕೋಣೆ ಇದೆ, ಮೊದಲೇ ಬರೆದು ಕೇಳಿಕೊಂಡರೆ ಕೂತು ಓದಬಹುದು. ನೀವು ಇಂಥ ಕೆಲಸಕ್ಕೆ ಹೋದರೆ ದಯವಿಟ್ಟು ಆ ಕೋಣೆಗೆ ಒಂದು ದಿನ ಪೂರ್ತಿ ಇಡಿ. ನಾನು ಅರ್ಧ ದಿನ ಇಟ್ಟಿದ್ದೆ, ಸಾಲಲಿಲ್ಲ.

ಅಲ್ಲಿಂದ ಫ್ರಾನ್ಸಿಗೆ ಹೋದೆ. ಕಾಂಬ್ರೆ ಹತ್ತಿರ ಫ್ಲೆಸ್ಕಿಯೇರ್ ಅನ್ನೋ ಹಳ್ಳಿ. ನಮ್ಮ ಕಡೆಯ ಹೋಬಳಿಗಿಂತ ಚಿಕ್ಕದು. ಸುತ್ತ ಹೊಲ. 1998ರಲ್ಲಿ ಅಲ್ಲಿ ನೆಲದಡಿಯಿಂದ ಒಂದು ಮಾರ್ಕ್ 4 ಹೊರತೆಗೆದರು. ಆ ಭಾಗದ ಒಬ್ಬ ಹೋಟೆಲ್ ಮಾಲೀಕರು ವರ್ಷಗಟ್ಟಲೆ ಹುಡುಕಿ ಪತ್ತೆ ಮಾಡಿದ್ದು. ಅದರ ಹೆಸರು 'ಡೆಬೊರಾ'. ಸಂಖ್ಯೆ ಡಿ 51. ಆ ಕಾಲದಲ್ಲಿ ಟ್ಯಾಂಕುಗಳಲ್ಲಿ ಗಂಡು, ಹೆಣ್ಣು ಅಂತ ಎರಡು ಬಗೆ. ತೋಪು ಇದ್ದದ್ದು ಗಂಡು, ಬರೀ ಮೆಷಿನ್ ಗನ್ ಇದ್ದದ್ದು ಹೆಣ್ಣು. ಡೆಬೊರಾ ಹೆಣ್ಣು ಟ್ಯಾಂಕ್. ನವೆಂಬರ್ 20ರಂದು ಆ ಹಳ್ಳಿ ದಾಟುತ್ತಿದ್ದಾಗ ಅದಕ್ಕೆ ಜರ್ಮನ್ ತೋಪಿನ ಗುಂಡುಗಳು ಬಿದ್ದವು. ಒಳಗಿದ್ದ ಎಂಟು ಜನರಲ್ಲಿ ಐವರು ಸತ್ತರು.

2017ರಲ್ಲಿ, ಕದನಕ್ಕೆ ನೂರು ವರ್ಷ ತುಂಬಿದಾಗ, ಅದನ್ನು ಇಡೋದಕ್ಕೆ ಅಂತಲೇ ಅಲ್ಲಿ ಮ್ಯೂಸಿಯಂ ತೆರೆದರು. ಬೋವಿಂಗ್ಟನ್‌ನಲ್ಲಿ ಟ್ಯಾಂಕುಗಳಿಗೆ ಬಣ್ಣ ಬಳಿದು ನಿಲ್ಲಿಸಿದ್ದಾರೆ. ಇಲ್ಲಿ ಹಾಗಿಲ್ಲ. ಮಣ್ಣಿನಿಂದ ಎತ್ತಿದ ಹಾಗೇ ಇದೆ. ತುಕ್ಕು ಹಿಡಿದು ಕಂದು ಬಣ್ಣ. ಮುಂಭಾಗ ಒಂದು ಬದಿ ಕಿತ್ತುಹೋಗಿದೆ. ಉಕ್ಕು ಹರಿದ ಬಟ್ಟೆಯ ಹಾಗೆ ಒಳಕ್ಕೆ ಮಡಚಿಕೊಂಡಿದೆ. ನಾನು ಬೋವಿಂಗ್ಟನ್‌ನಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಅಂತ ಕಲಿತು ಬಂದಿದ್ದೆನಲ್ಲ. ಅದು ಗೊತ್ತಿಲ್ಲದೇ ಇದ್ದಿದ್ದರೆ ಅದೊಂದು ಹಳೆ ಕಬ್ಬಿಣ ಅಷ್ಟೇ. ಗೊತ್ತಿದ್ದಿದ್ದರಿಂದ ಆ ತೂತು ನೋಡುತ್ತಲೇ ಆ ಬದಿ ಕೂತಿದ್ದವನು, ಅವನ ಹಿಂದೆ ಅಡ್ಡ ಸರಿಯುವ ಜಾಗದಲ್ಲಿದ್ದವನು, ಎಲ್ಲ ಕಣ್ಣಿಗೆ ಬಂದರು. ಆ ಮ್ಯೂಸಿಯಂ ಪಕ್ಕದಲ್ಲೇ ಬ್ರಿಟಿಷ್ ಸೈನಿಕರ ಸ್ಮಶಾನ. ಡೆಬೊರಾದಲ್ಲಿ ಸತ್ತ ಹುಡುಗರ ಸಮಾಧಿಗಳು ಅಲ್ಲಿವೆ. ಟ್ಯಾಂಕಿಗೂ ಸಮಾಧಿಗೂ ನಡೆದು ಹೋಗುವ ದೂರ. ನಾನು ಎರಡು ಸಲ ಹೋಗಿ ಬಂದೆ. ನೋಟ್ ಪುಸ್ತಕ ಚೀಲದಲ್ಲೇ ಇತ್ತು.

ವಾಪಸ್ ಬಂದ ಮೇಲೆ ಮೊದಲ ಕೆಲಸ ಅಂದ್ರೆ ಆಫೀಸಿನ ಮೇಜುಗಳನ್ನು ಸರಿಸಿದ್ದು. ದಾಖಲೆ ಕೋಣೆಯಲ್ಲಿ ಬರೆದುಕೊಂಡ ಅಳತೆ ಹಿಡಿದು ಟ್ಯಾಂಕಿನ ಒಳಾಂಗಣವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಇಂಜಿನ್ ಜಾಗದಲ್ಲಿ ಎರಡು ಬೆಂಚು ಜೋಡಿಸಿದೆ. ಎಂಟು ಜನ ಒಳಗೆ ನಿಂತರು, ಒಬ್ಬರು ಆಚೆ. ಸೊಂಟ ಬಗ್ಗಿಸಿ ನಿಲ್ಲಬೇಕು, ಗೆರೆ ದಾಟಬಾರದು, ಮಾತಾಡಬಾರದು. ಬೆಂಚಿನ ಮೇಲೆ ಸ್ಟೀಲ್ ಲೋಟದಲ್ಲಿ ಬಡಿದು ಸನ್ನೆ ಮಾಡಬೇಕು. ಎಡಕ್ಕೆ ಒಂದು ತಿರುವು ತೆಗೆದುಕೊಳ್ಳೋಣ ಅಂತ ಶುರು ಮಾಡಿದೆವು. ಶುರುವಿನಲ್ಲಿ ನಗು. ಹದಿನೈದು ನಿಮಿಷ ಆದ ಮೇಲೆ ಯಾರೂ ನಗುತ್ತಿರಲಿಲ್ಲ. ನಮ್ಮ ಅನಿಮೇಷನ್ ಮಾಡುವ ಹುಡುಗಿ ಹಿಂದಿನ ಗೇರಿನ ಜಾಗದಲ್ಲಿ ನಿಂತಿದ್ದಳು. "ನಂಗೆ ಆಚೆ ಏನಾಗ್ತಿದೆ ಅಂತಾನೇ ಗೊತ್ತಾಗಲ್ಲ ಅಲ್ವಾ? ಬರೀ ನಿಮ್ಮ ಬೆನ್ನು ನೋಡ್ಕೊಂಡು ಇರ್ಬೇಕು" ಅಂದಳು. ಅವಳ ಆ ಮಾತಿನ ಮೇಲೆ ನಮ್ಮ ಗೇಮ್ ಮತ್ತೆ ಮೊದಲಿನಿಂದ ಕಟ್ಟಿದೆವು.

ಒಳಾಂಗಣ ನಿಜವಾದ ಅಳತೆಗೆ ಬಂತು. ಕ್ಯಾಮೆರಾ ಗೋಡೆಗೆ ತಾಗುತ್ತೆ ಅಂದ್ರೆ ತಲೆ ತಾಗುತ್ತೆ ಅಂತಲೇ ಅರ್ಥ, ಹಾಗೇ ಇಟ್ಟೆವು. ಟ್ಯಾಂಕನ್ನು ಹೊರಗಿನಿಂದ, ಮೇಲಿನಿಂದ ನೋಡುವ ನೋಟ ತೆಗೆದುಹಾಕಿದೆವು. ಸೀಳಿನಲ್ಲಿ ಕಣ್ಣಿಟ್ಟರೆ ಮಾತ್ರ ಒಂದು ಪಟ್ಟಿಯಷ್ಟು ಹೊರಗಿನ ಬೆಳಕು. ಕಣ್ಣಿಟ್ಟಷ್ಟು ಹೊತ್ತೂ ಚೂರು ಸಿಡಿಯುವ ಭಯ. ನಾಲ್ಕು ಜನ ಆಡುವವರಲ್ಲಿ ಇಬ್ಬರು ಮುಂದೆ, ಇಬ್ಬರು ಹಿಂದೆ. ತೋಪುಗಳನ್ನು ಕಂಪ್ಯೂಟರ್ ನೋಡಿಕೊಳ್ಳುತ್ತೆ. ಹೌದು, ಯುದ್ಧದ ಗೇಮ್, ಆದ್ರೆ ಆಡುವವರ ಕೈಯಲ್ಲಿ ತೋಪಿಲ್ಲ. ಇಂಜಿನ್ ಓಡುತ್ತಿರುವಾಗ ವಾಯ್ಸ್ ಚಾಟ್ ಬಂದ್. ಬಡಿಯೋದು, ಕೈಸನ್ನೆ, ಅಷ್ಟೇ.

ನಮಗೆ ದುಡ್ಡು ಹಾಕುವ ಕಂಪನಿಯವರು ಒಪ್ಪಲಿಲ್ಲ. ಅವರ ಮಾತಿನಲ್ಲೂ ಅರ್ಥ ಇತ್ತು. ಕೆಲವರಿಗೆ ಆಡಿಸಿ ನೋಡಿದಾಗ ಅರ್ಧ ಜನ ಮೊದಲ ತಿರುವಿನಲ್ಲೇ ಬಿಟ್ಟು ಎದ್ದರು. ಮಾರ್ಕ್ 5 ಟ್ಯಾಂಕ್ ಹಾಕಿ, ಅದನ್ನ ಒಬ್ಬನೇ ಓಡಿಸಬಹುದಲ್ಲ ಅಂದರು. ನಿಜ, 1918ರ ಮಾರ್ಕ್ 5ಕ್ಕೆ ಹೊಸ ಗೇರ್‌ಬಾಕ್ಸ್ ಬಂದಿತ್ತು, ಒಬ್ಬನೇ ಡ್ರೈವರ್ ಸಾಕಿತ್ತು. ಆದರೆ ಅದರೊಳಗೆ ಗಾಳಿಯ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಮತ್ತೆ ಕಾಂಬ್ರೆಯಲ್ಲಿ ಮಾರ್ಕ್ 5 ಇರಲೇ ಇಲ್ಲ. ನಾನು ಅವರ ಮುಂದೆ ಒಂದು ಲೆಕ್ಕ ಇಟ್ಟೆ. ಕದನದ ಮೊದಲ ದಿನ ಕೆಲಸಕ್ಕೆ ಬಾರದೆ ನಿಂತ ಟ್ಯಾಂಕುಗಳು 179. ಅದರಲ್ಲಿ ಶತ್ರುಗಳ ಗುಂಡಿಗೆ ಹೋದವು 65. ಕೆಟ್ಟು ನಿಂತವು 71. ಹಳ್ಳದಲ್ಲಿ ಸಿಕ್ಕಿಕೊಂಡವು 43. ಅಂದ್ರೆ ಹಾಗೆ ನಿಂತ ಟ್ಯಾಂಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಜನ ಅವತ್ತು ಹೋರಾಡಿದ್ದು ತಮ್ಮ ಗಾಡಿಯ ಜೊತೆಗೆ. ಆ ಹೋರಾಟ ತೆಗೆದುಬಿಟ್ಟರೆ ಕಾಂಬ್ರೆ ಅನ್ನೋ ಹೆಸರು ಮಾತ್ರ ಉಳಿಯುತ್ತೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ತಿರುಗಿಸೋದನ್ನ ಕಲಿಸೋಕೆ ಅಂತ ಬೋವಿಂಗ್ಟನ್ ಕ್ಯಾಂಪಿನಲ್ಲೇ ನಡೆಯುವ ಒಂದು ಭಾಗ ಸೇರಿಸಿದೆವು. ಗುಂಡಿಲ್ಲ, ಶತ್ರು ಇಲ್ಲ. ನಾಲ್ಕು ಜನ ಸೇರಿ ಬಯಲಲ್ಲಿ ಒಂದು ಸುತ್ತು ಹೊಡೆಯೋದು ಅಷ್ಟೇ. ಅದನ್ನು ಮುಗಿಸಿದವರು ಆಮೇಲೆ ಬಿಟ್ಟು ಹೋಗಲಿಲ್ಲ.

ಮೊನ್ನೆ ಒಬ್ಬರು ಕೇಳಿದರು. ನಮ್ಮ ಜನ ಈ ಕತೆಯಲ್ಲಿ ಎಲ್ಲಿದ್ದಾರೆ ಸಾರ್, ಬ್ರಿಟಿಷರ ಕತೆ ನಾವ್ಯಾಕೆ ಮಾಡಬೇಕು ಅಂತ. ಒಳ್ಳೆ ಪ್ರಶ್ನೆ. ಕಾಂಬ್ರೆಯಲ್ಲಿ ಭಾರತದ ಕುದುರೆ ಸವಾರರಿದ್ದರು. 1917ರ ಡಿಸೆಂಬರ್ 1ರಂದು ಲ್ಯಾನ್ಸ್ ದಫೇದಾರ್ ಗೋಬಿಂದ್ ಸಿಂಗ್ ಗುಂಡಿನ ಮಳೆಯಲ್ಲಿ ಮೂರು ಸಲ ಸಂದೇಶ ಹೊತ್ತು ಹೊರಟರು. ಮೂರು ಸಲವೂ ಕುದುರೆ ಗುಂಡಿಗೆ ಬಿತ್ತು, ಮೂರು ಸಲವೂ ಉಳಿದ ದಾರಿ ಓಡಿಯೇ ಮುಟ್ಟಿಸಿದರು. ಅವರಿಗೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಟ್ಯಾಂಕುಗಳಲ್ಲಿ ಮಾತು ಕಳಿಸೋಕೆ ಪಾರಿವಾಳ ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಸಂದೇಶ ಅಂದ್ರೆ ಒಂದು ಜೀವ ಹೊತ್ತು ಓಡೋದೇ. ನಮ್ಮ ಮುಂದಿನ ಭಾಗದಲ್ಲಿ ಆ ಸವಾರರು ಬರುತ್ತಾರೆ. ಇನ್ನು ನಮ್ಮೂರಿನವರು ಬೇಕು ಅಂದ್ರೆ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದಾರೆ, ಮೈಸೂರು ಸಂಸ್ಥಾನದ ಕುದುರೆ ಪಡೆ. ಅವರ ಸ್ಮಾರಕ ಇಲ್ಲೇ ಜೆ.ಸಿ. ನಗರದ ಕಡೆ ಇದೆ. ನಾನು ದಿನಾ ಆ ದಾರಿಯಲ್ಲಿ ಓಡಾಡಿದವನು. ನಿಂತು ನೋಡಿದ್ದು ಬೋವಿಂಗ್ಟನ್‌ಗೆ ಹೋಗಿ ಬಂದ ಮೇಲೆ. ನಿಮ್ಮಲ್ಲಿ ಯಾರಾದರೂ ಆ ಗೇಮ್ ಮಾಡ್ತೀರಾದರೆ ನನ್ನ ಹತ್ತಿರ ಇರುವ ಟಿಪ್ಪಣಿ ಎಲ್ಲ ನಿಮ್ಮದೇ.

ಇನ್ನು ಸದ್ದಿನ ವಿಷಯ ಬಾಕಿ ಇದೆ. ಆ ಡೈಮ್ಲರ್ ಇಂಜಿನ್ ಸದ್ದು ಎಲ್ಲೂ ಸಿಗಲಿಲ್ಲ. ಆಗ ಅಪ್ಪ, ಕಲಾಸಿಪಾಳ್ಯದಲ್ಲಿ ಅವರಿಗೆ ಗೊತ್ತಿದ್ದ ಒಂದು ಗ್ಯಾರೇಜಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಹಳೆ ಪೆಟ್ರೋಲ್ ಲಾರಿಯ ಆರು ಸಿಲಿಂಡರ್ ಇಂಜಿನ್ ರಿಪೇರಿಗೆ ಬಂದಿತ್ತು. ಅದನ್ನು ಸ್ಟಾರ್ಟ್ ಮಾಡಿಸಿ, ಮೇಲೆ ತಗಡು ಮುಚ್ಚಿಸಿ, ಅಪ್ಪನ ಕೈಗೇ ಸ್ಪ್ಯಾನರ್ ಕೊಟ್ಟು ಬಡಿಸಿದೆವು. ಗೇಮಿನಲ್ಲಿ ನೀವು ಕೇಳುವ ಟಣ್ ಟಣ್ ನಮ್ಮಪ್ಪನದು.

ಹೋದ ತಿಂಗಳು ಅವರಿಗೆ ಹೆಡ್‌ಫೋನ್ ಹಾಕಿ ಮೊದಲ ಭಾಗ ತೋರಿಸಿದೆ. ಟ್ಯಾಂಕ್ ಒಂದು ಏರು ಹತ್ತುತ್ತಿತ್ತು. ಅವರು ಪರದೆ ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಎಡಗೈ ತಾನಾಗೇ ಪಕ್ಕಕ್ಕೆ ಹೋಗಿ, ಇಲ್ಲದ ಗೇರ್ ರಾಡನ್ನು ಹುಡುಕಿತು.

"ಇಂಜಿನ್ ಒದ್ದಾಡ್ತಿದೆ ಕಣೋ," ಅಂದರು. "ಗೇರ್ ಇಳಿಸೋಕೆ ಹಿಂದಿನವ್ರಿಗೆ ಹೇಳು."